ಮೊದಲ ತಟ್ಟಿಗೇ ಬಿಡಬೇಕು

ನನ್ನದು ಸ್ಪಂಜಿನ ಅಂಗಡಿ. ಸೋಫಾ, ಹಾಸಿಗೆ, ಬೈಕಿನ ಸೀಟು, ಹೀಗೆ ಮನುಷ್ಯ ಯಾವುದರ ಮೇಲೆ ಕೂರುತ್ತಾನೋ ಬೀಳುತ್ತಾನೋ ಅದರ ಹೊಟ್ಟೆಗೆ ತುಂಬುವ ಮೆತ್ತನೆಯ ಸರಕೆಲ್ಲ ನನ್ನಲ್ಲಿ ಸಿಗುತ್ತದೆ. ಅಂಗಡಿಯ ಮೇಲಿನ ಹಾಲ್‌ನಲ್ಲಿ ಪಟ್ಟು ಮೇಷ್ಟ್ರು ಮೂವತ್ತೊಂದು ವರ್ಷ ಜನರನ್ನು ಎತ್ತಿ ಒಗೆದರು. ಒಗೆದಾಗಲೆಲ್ಲ ನನ್ನ ಚಾವಣಿಯ ಸುಣ್ಣ ಉದುರಿ ಗಿರಾಕಿಯ ಚಹಾಕ್ಕೆ ಬೀಳುತ್ತಿತ್ತು. ಹೊಸ ಗಿರಾಕಿಗಳು ಬೆಚ್ಚಿ ತಲೆ ಎತ್ತುತ್ತಿದ್ದರು. "ಏನಿಲ್ಲ ಬಿಡಿ, ನಮ್ಮ ಸರಕು ಎಷ್ಟು ತಡೆಯುತ್ತೆ ಅಂತ ಮೇಲೆ ಪರೀಕ್ಷೆ ನಡೀತಿದೆ" ಎಂದು ನಾನು ಕತ್ತರಿ ಆಡಿಸುತ್ತಿದ್ದೆ. ಅದು ಪೂರ್ತಿ ಸುಳ್ಳೂ ಅಲ್ಲ. ಅವರು ಹಾಸಿದ್ದ ಮ್ಯಾಟಿನ ಒಳಗಿದ್ದುದು ನನ್ನದೇ ಸ್ಪಂಜು.

ಪಟ್ಟು ಎಂಬುದು ಅವರ ವಿದ್ಯೆಯೂ ಹೌದು, ಸ್ವಭಾವವೂ ಹೌದು. ಗಿಡ್ಡ ಆಳು, ಅಗಲ ಭುಜ, ಹೂಕೋಸಿನಂತೆ ಮುದುಡಿದ ಕಿವಿ. ಅವರು ಕಲಿಸುತ್ತಿದ್ದುದು ಕುಸ್ತಿಯ ಜಾತಿಗೆ ಸೇರಿದ್ದು. ಗುದ್ದುವುದಿಲ್ಲ, ಒದೆಯುವುದಿಲ್ಲ. ದಪ್ಪ ಅಂಗಿಯ ಕೊರಳಪಟ್ಟಿ ಹಿಡಿದು ಕೆಡವುವುದು, ಮೇಲೆ ಬಿದ್ದು ಒತ್ತುವುದು, ಕೈಯನ್ನೋ ಕತ್ತನ್ನೋ ಸಿಕ್ಕಿಸಿ ಬಿಗಿಯುವುದು. ಸಿಕ್ಕಿಬಿದ್ದವನಿಗೆ ಸಾಕೆನಿಸಿದರೆ ಅಂಗೈಯಿಂದ ತಟ್ಟುತ್ತಾನೆ. ನೆಲಕ್ಕೆ ತಟ್ಟಬಹುದು, ಹಿಡಿದವನ ಮೈಗೂ ತಟ್ಟಬಹುದು. ತಟ್ಟಿದರೆ ಸೋತೆ ಎಂದರ್ಥ. ತಟ್ಟಿದ ಕ್ಷಣ ಹಿಡಿದವನು ಬಿಡಬೇಕು. ಹೊಸಬರಿಗೆ ಮೇಷ್ಟ್ರು ಮೊದಲ ತಿಂಗಳು ಹಿಡಿಯುವುದನ್ನೇ ಕಲಿಸುತ್ತಿರಲಿಲ್ಲ. "ಹಿಡಿಯೋದು ಕೋತಿಗೂ ಬರುತ್ತೆ ಕಣ್ರೋ. ಬಿಡೋದು ಕಲೀರಿ. ಮೊದಲ ತಟ್ಟಿಗೇ ಬಿಡಬೇಕು. ಎರಡನೇದಕ್ಕೆ ಕಾದ್ರೆ ನೀನು ಕಟುಕ."

ಅವರು ಮಾತ್ರ ತಟ್ಟಿದ್ದನ್ನು ಕಂಡವರಿರಲಿಲ್ಲ. ವಯಸ್ಸಿನಲ್ಲಿ ಒಮ್ಮೆ ಯಾವನೋ ಪರವೂರಿನ ದಾಂಡಿಗ ಅವರ ಮೊಣಕೈ ಸಿಕ್ಕಿಸಿ ಬಗ್ಗಿಸಿದನಂತೆ. ಇವರು ತಟ್ಟಲಿಲ್ಲ, ಕೀಲು ತಪ್ಪಿತು. ಅಂದಿನಿಂದ ಎಡಗೈ ಪೂರ್ತಿ ನೇರವಾಗುವುದಿಲ್ಲ. ದಾರಿ ತೋರಿಸಲು ಆ ಕೈ ಚಾಚಿದರೆ ಜನ ಪಕ್ಕದ ಓಣಿಗೆ ಹೋಗಿಬಿಡುತ್ತಿದ್ದರು.

ಎದುರುಗಡೆ ಕ್ಷೌರದಂಗಡಿ. ಅದರ ಯಜಮಾನನಿಗೆ ಮುಷ್ಟಿ ಕಾಳಗದ ಹುಚ್ಚು. ಕನ್ನಡಿಯ ಸುತ್ತ ಮೂಗು ಒಡೆದುಕೊಂಡವರ ಪಟಗಳನ್ನೇ ಅಂಟಿಸಿದ್ದ. ಕ್ಷೌರಕ್ಕೆ ಕೂತವನಿಗೆ ಧೈರ್ಯ ಬರಬೇಕಾದ ಜಾಗ ಅದಲ್ಲ. ಮೆಟ್ಟಿಲ ಬಳಿ ಮೇಷ್ಟ್ರು ಹಾಕಿದ್ದ ಬೋರ್ಡು ಅವನಿಗೆ ದಿನನಿತ್ಯದ ಮೇವು. ಅದರ ಮೇಲೆ "ಆತ್ಮರಕ್ಷಣೆ ಕಲಿಸಲಾಗುತ್ತದೆ. ಹೊಡೆಯುವುದಿಲ್ಲ" ಎಂದಿತ್ತು.

"ಹೊಡೆಯೋದಿಲ್ಲ ಅಂತ ಬೋರ್ಡ್ ಹಾಕಿರೋ ಜಗಳದ ಸ್ಕೂಲು ಲೋಕದಲ್ಲಿ ಇದೊಂದೇ ಸಾವ್ಕಾರ್ರೇ" ಎಂದು ನನಗೆ ಕೇಳಿಸುವಂತೆ, ಅಂದರೆ ಮೇಲಿನವರಿಗೂ ಕೇಳಿಸುವಂತೆ ಕೂಗುತ್ತಿದ್ದ. "ರಕ್ತ ಬರಲ್ಲ, ಹಲ್ಲು ಉದುರಲ್ಲ. ಇಬ್ಬರು ಗಂಡಸರು ತಬ್ಕೊಂಡು ಉರುಳಾಡಿದ್ರೆ ಅದನ್ನ ಜಗಳ ಅಂತಾರಾ?"

ಮೇಷ್ಟ್ರು ಕಿಟಕಿಯಿಂದ ತಲೆ ಹಾಕುತ್ತಿದ್ದರು. "ಗುದ್ದೋದು ಜಗಳ ಅಲ್ಲಯ್ಯಾ, ಸಿಟ್ಟು. ಕೆಳಗೆ ಬಿದ್ದ ಮೇಲೆ ಶುರುವಾಗೋದೇ ನಿಜವಾದ ಜಗಳ. ಬಾ ಮೇಲೆ, ತೋರಿಸ್ತೀನಿ."

"ಬರಲ್ಲಪ್ಪ. ನನ್ನ ಹೆಂಡತಿ ಬಿಟ್ರೆ ಬೇರೆ ಯಾರೂ ನನ್ನ ತಬ್ಬಿಕೊಳ್ಳೋ ಹಾಗಿಲ್ಲ."

ಈ ವಾದ ಎಷ್ಟು ವರ್ಷ ನಡೆಯಿತೆಂದರೆ, ಒಂದು ದಿನ ನಡೆಯದಿದ್ದರೆ ಇಬ್ಬರಲ್ಲಿ ಯಾರಿಗೆ ಹುಷಾರಿಲ್ಲ ಎಂದು ನಾನು ವಿಚಾರಿಸುತ್ತಿದ್ದೆ. ಅದಕ್ಕೆ ತೀರ್ಪು ಸಿಗುವ ದಿನವೂ ಒಮ್ಮೆ ಬಂತು. ಕುಡಿದವನೊಬ್ಬ ಕ್ಷೌರದಂಗಡಿಗೆ ನುಗ್ಗಿ ಕತ್ತಿ ಎತ್ತಿಕೊಂಡ. ಮುಷ್ಟಿ ಕಾಳಗದ ಪಂಡಿತ ಕುರ್ಚಿಯ ಹಿಂದೆ ಕೂತ. ಮೇಷ್ಟ್ರು ಇಳಿದು ಬಂದವರೇ ಕುಡುಕನ ಮಣಿಕಟ್ಟು ತಿರುಚಿ, ಕತ್ತಿ ಉದುರಿಸಿ, ಅವನನ್ನು ರಸ್ತೆಯಲ್ಲಿ ಮಲಗಿಸಿ ಒದ್ದೆ ಹಾಸಿಗೆಯ ಹಾಗೆ ಮೇಲೆ ಬಿದ್ದುಕೊಂಡರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಕುಡುಕನಿಗೆ ಆ ಭಾರ ಹಿತವಾಯಿತೋ ಏನೋ, "ಅಣ್ಣಾ, ನೀನೊಬ್ಬನೇ ನನ್ನೋನು" ಎಂದು ಪ್ರೀತಿಯಿಂದ ಅವರ ಬೆನ್ನು ತಟ್ಟಿದ. ಮೇಷ್ಟ್ರು ತಟ್ಟನೆ ಬಿಟ್ಟುಬಿಟ್ಟರು. ಕುಡುಕ ಎದ್ದು ಅವರ ಕೆನ್ನೆಗೊಂದು ಬಾರಿಸಿ ಓಡಿದ.

ಬೀದಿ ಬಿದ್ದು ಬಿದ್ದು ನಕ್ಕಿತು. "ಬೆನ್ನು ತಟ್ಟಿದ್ರೆ ಬಿಡೋ ಜಗಳಗಂಟ!" ಎಂದು ಕ್ಷೌರಿಕ ಕುರ್ಚಿಯ ಹಿಂದಿನಿಂದ ಎದ್ದು ಬಂದು ನಕ್ಕ. ಮೇಷ್ಟ್ರು ಕೆನ್ನೆ ಸವರಿಕೊಳ್ಳುತ್ತ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತರು.

"ನಾನು ಬಿಡಲಿಲ್ಲ ಸಾವ್ಕಾರ್ರೇ. ಕೈ ಬಿಡ್ತು. ತಲೆಗೆ ಗೊತ್ತಾಗೋ ಮುಂಚೆ ಕೈಗೆ ಗೊತ್ತಾಗುತ್ತೆ. ನಿದ್ದೆಯಲ್ಲಿ ಯಾರಾದ್ರೂ ತಟ್ಟಿದ್ರೂ ಹೊದಿಕೆ ಬಿಟ್ಟುಬಿಡ್ತೀನಿ."

ಅವರ ಹೆಂಡತಿ ಮೇಲಿನಿಂದಲೇ ಸಾಕ್ಷಿ ನುಡಿದರು: "ನಿಜ. ಚಳಿಗಾಲದಲ್ಲಿ ಅನುಕೂಲ."

ಆಕೆ ಹೊಲಿಗೆಯವರು. ಶಿಷ್ಯರ ದಪ್ಪ ಅಂಗಿಗಳನ್ನೆಲ್ಲ ಹಾಲ್‌ನ ಪಕ್ಕದ ಎರಡು ಕೋಣೆಯ ಮನೆಯಲ್ಲಿ ಕೂತು ಅವರೇ ಹೊಲಿಯುತ್ತಿದ್ದರು. ಕೊರಳಪಟ್ಟಿಗೆ ನಾಲ್ಕು ಸಾಲು ಹೊಲಿಗೆ ಹಾಕಿ, "ಇನ್ನು ಕತ್ತು ಹರಿಯಬಹುದು, ಪಟ್ಟಿ ಹರಿಯಲ್ಲ" ಎನ್ನುತ್ತಿದ್ದರು. ಇವರಿಗೊಬ್ಬನೇ ಮಗ. ನಡೆಯುವುದಕ್ಕಿಂತ ಮೊದಲು ಬೀಳುವುದು ಕಲಿತವನು. ಹತ್ತು ವರ್ಷಕ್ಕೆಲ್ಲ ಅಪ್ಪನ ಎಲ್ಲ ಪಟ್ಟುಗಳನ್ನೂ ಅರೆದು ಕುಡಿದಿದ್ದ. ದೊಡ್ಡವನಾಗಿ ವೈರಿಂಗ್ ಕೆಲಸ ಹಿಡಿದ. ಆರಡಿ ಎತ್ತರ, ಎಮ್ಮೆಯಂಥ ಬೆನ್ನು, ಮಾತು ಕಡಿಮೆ. ನನ್ನನ್ನು "ಮಾಮ" ಎನ್ನುತ್ತಿದ್ದ. ನನ್ನ ಅಂಗಡಿಯ ಫ್ಯಾನು ಇಂದಿಗೂ ತಿರುಗುವುದು ಅವನು ಎಳೆದ ತಂತಿಯಿಂದ.

ನಾಲ್ಕು ವರ್ಷದ ಹಿಂದೆ ಒಂದು ಗೋದಾಮಿನಲ್ಲಿ ದೀಪ ಕೂರಿಸುತ್ತಿದ್ದಾಗ ಏಣಿ ಜಾರಿತು. ಅವನು ಬಿದ್ದದ್ದೇನೋ ಸರಿಯಾಗಿಯೇ ಬಿದ್ದ: ಗದ್ದ ಎದೆಗೆ, ಅಂಗೈ ನೆಲಕ್ಕೆ, ಇಪ್ಪತ್ತು ವರ್ಷ ಅಪ್ಪ ಬೀಳಿಸಿದ ಹಾಗೆಯೇ. ಅವನು ಬೀಳುವುದು ಕಲಿತಿದ್ದ, ಏಣಿ ಕಲಿತಿರಲಿಲ್ಲ. ಅದು ಅವನ ಹಣೆಯ ಮೇಲೆ ಬಿತ್ತು.

ಎರಡು ತಿಂಗಳು ಆಸ್ಪತ್ರೆ. ಮನೆಗೆ ಬಂದವನು ನೋಡಲು ಅವನೇ. ಊಟ ಮಾಡುತ್ತಿದ್ದ, ಅಮ್ಮನಿಗೆ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದ, ನನ್ನನ್ನು ಮಾಮ ಎಂದೇ ಕರೆಯುತ್ತಿದ್ದ. ಆದರೆ ದಿನಕ್ಕೊಮ್ಮೆಯೋ ಎರಡು ಸಲವೋ ಎಡಗಿವಿ ಉಜ್ಜತೊಡಗುತ್ತಿದ್ದ. ಉಜ್ಜಿ ಉಜ್ಜಿ ಕಣ್ಣಿನ ನೋಟವೇ ಬೇರೆಯಾಗುತ್ತಿತ್ತು. ಆಮೇಲೆ ಎದುರಿಗೆ ಸಿಕ್ಕವರನ್ನು ಹಿಡಿಯುತ್ತಿದ್ದ. ಹೊಡೆಯುತ್ತಿರಲಿಲ್ಲ, ಅದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಹಿಡಿಯುತ್ತಿದ್ದ, ಕೆಡವುತ್ತಿದ್ದ, ಬಿಗಿಯುತ್ತಿದ್ದ. ಮಾತ್ರೆ ಹೆಚ್ಚಿಸಿದರೆ ಜೊಲ್ಲು ಸುರಿಸುತ್ತ ಗೋಡೆ ನೋಡುತ್ತಿದ್ದ; ಕಡಿಮೆ ಮಾಡಿದರೆ ಮತ್ತೆ ಕಿವಿ ಉಜ್ಜುತ್ತಿದ್ದ. "ಮೆದುಳಿನ ಮುಂಭಾಗ ಜಜ್ಜಿದೆ. ವಯಸ್ಸಾದಂತೆ ಇಳಿಯಬಹುದು" ಎಂದರು ಡಾಕ್ಟರು. ಯಾರ ವಯಸ್ಸು ಎಂದು ಹೇಳಲಿಲ್ಲ.

ಮೇಷ್ಟ್ರು ಶಾಲೆ ಮುಚ್ಚಿದರು. ಶಿಷ್ಯರೆಲ್ಲ ಹೋಗಿ ಒಬ್ಬನೇ ಉಳಿದ. ಅವನು ಕಿವಿ ಮುಟ್ಟಿದ ತಕ್ಷಣ, "ಬಾ ಮರೀ, ಮ್ಯಾಟಿಗೆ ಬಾ" ಎಂದು ಹಾಲ್‌ಗೆ ಕರೆದೊಯ್ಯುತ್ತಿದ್ದರು. ಧೊಪ್ ಎಂದು ಸದ್ದಾಗಿ ನನ್ನ ಮೇಲೆ ಸುಣ್ಣ ಉದುರುತ್ತಿತ್ತು. ಅರ್ಧ ಗಂಟೆ ಉಸಿರಿನ ಸದ್ದು, ಮೈ ಉಜ್ಜುವ ಸದ್ದು. ಕೊನೆಗೆ ಒಂದು ತಟ್ಟು. ಮಗನಿಗೆ ತಿಳಿವು ಮರಳಿದಾಗ ಅವನೇ ತಟ್ಟುತ್ತಿದ್ದ. ಮೇಷ್ಟ್ರು ಬಿಡುತ್ತಿದ್ದರು. "ಅಪ್ಪಾ, ಮತ್ತೆ ಬಂತಾ?" "ಏನಿಲ್ಲ ಕಣೋ, ಸ್ವಲ್ಪ ಆಡಿದ್ವಿ." ಆ ಒಂದು ತಟ್ಟು ಕೇಳಿಸುವ ತನಕ ನಾನು ಗಜಕಡ್ಡಿ ಹಿಡಿದು ಸುಮ್ಮನೆ ನಿಂತಿರುತ್ತಿದ್ದೆ. ಎದುರಿನ ಕ್ಷೌರಿಕ ಗಿರಾಕಿಯ ಗದ್ದದಿಂದ ಕತ್ತಿ ಎತ್ತಿ ಹಿಡಿದಿರುತ್ತಿದ್ದ. ಅವನ ಬಾಯಿಂದ ಕೊಂಕು ನಿಂತು ನಾಲ್ಕು ವರ್ಷವಾಗಿತ್ತು.

ಇಪ್ಪತ್ತೆಂಟರ ಮಗ ಮೂವತ್ತೆರಡಾದ. ಐವತ್ತೊಂಬತ್ತರ ಅಪ್ಪ ಅರವತ್ತಮೂರಾದರು. ನಾನು ಸ್ಪಂಜು ಮಾರುವವನು. ದಿನವೂ ಒತ್ತಿದ ಸ್ಪಂಜು ಒಂದು ದಿನ ಮೇಲೇಳುವುದಿಲ್ಲ ಎಂಬುದು ನನಗೆ ಬೇರೆ ಯಾರೂ ಹೇಳಬೇಕಿಲ್ಲ.

ಗೋಡೆಯಾಚೆಯ ಮನೆಗೆ ಹೊಸದಾಗಿ ಬಂದ ನಿವೃತ್ತ ಗುಮಾಸ್ತನೊಬ್ಬ ಅರ್ಜಿ ಗುಜರಾಯಿಸಿದ. "ಪಕ್ಕದ ಮನೆಯಲ್ಲಿ ಪ್ರತಿದಿನ ಹೊಡೆದಾಟ ನಡೆಯುತ್ತದೆ. ಬುದ್ಧಿಭ್ರಮಣೆಯಾದ ಯುವಕನಿಂದ ವೃದ್ಧ ದಂಪತಿಗೆ ಪ್ರಾಣಾಪಾಯವಿದೆ." ಮೂವತ್ತು ವರ್ಷ ಅರ್ಜಿ ತೆಗೆದುಕೊಂಡವನಿಗೆ ಒಂದನ್ನಾದರೂ ಬರೆಯುವ ಆಸೆ ಇದ್ದಿರಬೇಕು. ಆದರೆ ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಆರೋಗ್ಯ ಕಚೇರಿಯಿಂದ ಒಬ್ಬ ಮೇಡಂ ಬಂದರು. ನಲವತ್ತರ ಹೆಂಗಸು, ತೂಕದ ಕೈಚೀಲ, ಸವೆದ ಚಪ್ಪಲಿ. ಮನೆಯಲ್ಲಿ ಕೂತು ಫಾರಂ ತೆಗೆದರು. ಬಾಡಿಗೆ ಕಟ್ಟಡದ ವಿಚಾರಕ್ಕೆ ನನ್ನನ್ನೂ ಕರೆಸಿದ್ದರಿಂದ ನಾನು ಬಾಗಿಲಲ್ಲಿ ನಿಂತಿದ್ದೆ.

"ಮನೆಯವರ ಜೊತೆ ಹೊಡೆದಾಟ. ಹೌದು, ಇಲ್ಲ. ಯಾವುದು ಬರೀಲಿ?"

"ಇಲ್ಲ" ಎಂದರು ಮೇಷ್ಟ್ರು.

"ಹಾಗಾದ್ರೆ ದಿನಾ ಬರೋ ಸದ್ದು?"

"ಆಟ ಮೇಡಂ."

ಮೇಡಂ ಹೊಲಿಗೆ ಯಂತ್ರದ ಮುಂದಿದ್ದ ತಾಯಿಯ ಮಣಿಕಟ್ಟು ನೋಡಿದರು. ಅಲ್ಲಿ ನಾಲ್ಕು ಬೆರಳಿನ ನೀಲಿ ಗುರುತಿತ್ತು. ಆಕೆ ಸೆರಗು ಎಳೆದು ಅದನ್ನು ಮುಚ್ಚಿಕೊಂಡರು.

"ಮೇಡಂ, ಹೊಡೆದಾಟ ಅಂತ ನೀವೇ ಬರ್ಕೊಂಡು ಬಂದಿದೀರಲ್ಲ, ಅದರೊಳಗೇ ಆಟ ಇದೆಯಲ್ಲ? ಗುದ್ದಾಟ, ಕಾದಾಟ, ಕಿತ್ತಾಟ, ಎಲ್ಲದರಲ್ಲೂ ಇದೆ. ನಮ್ಮದರಲ್ಲಿ ಹೊಡೆಯೋದು ಇಲ್ಲ. ಅದನ್ನ ಕಳೆದ್ರೆ ಉಳಿಯೋದು ಬರೀ ಆಟ."

"ನರಳಾಟದಲ್ಲೂ ಆಟ ಇದೆ ಯಜಮಾನ್ರೇ" ಎಂದರು ಮೇಡಂ, ತಲೆ ಎತ್ತದೆ.

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ನೋಡಿ, ನನಗೇನೂ ಆಸೆ ಇಲ್ಲ. ಹೊಡೆದಾಟ ಇದೆ ಅಂತಾದ್ರೆ ಅವರನ್ನ ಊರಾಚೆ ಆಸ್ಪತ್ರೆಗೆ ಸೇರಿಸಲೇಬೇಕು, ಅದು ನಿಯಮ. ಇಲ್ಲ ಅಂತ ಬರೀಬೇಕಾದ್ರೆ ಅಕ್ಕಪಕ್ಕದ ಇಬ್ಬರು ಸಹಿ ಹಾಕಬೇಕು. ಸೋಮವಾರ ಬೆಳಿಗ್ಗೆ ಬರ್ತೀನಿ. ಮಗನ್ನೂ ನೋಡಬೇಕು, ಆ ಆಟವನ್ನೂ."

ಅವರು ಹೋದ ಮೇಲೆ ಮೇಷ್ಟ್ರು ನನ್ನ ಅಂಗಡಿಗೆ ಇಳಿದು ಬಂದರು. ಸ್ಪಂಜಿನ ಸುರುಳಿಯ ಮೇಲೆ ಕೂತು ಬಹಳ ಹೊತ್ತು ಅದನ್ನೇ ಅಮುಕುತ್ತಿದ್ದರು.

"ಸಹಿ ಹಾಕ್ತೀರಾ?"

"ಮೇಷ್ಟ್ರೇ, ಇದು ನಿಜವಾದ ಜಗಳ ಅಂತ ಮೂವತ್ತು ವರ್ಷ ಇದೇ ಬೀದಿಯಲ್ಲಿ ಗಂಟಲು ಹರ್ಕೊಂಡೋರು ನೀವು."

"ಈಗ ಆಟ ಅಂತೀನಿ. ಮಾತು ತಿರುಗಿಸಿದ ಅಂತ ಬೇಕಾದ್ರೆ ಡಂಗುರ ಹೊಡೀರಿ."

ನಾನು ನಗಲು ಹೊರಟವನು ಅವರ ಮುಖ ನೋಡಿ ಕತ್ತರಿ ಕೆಳಗಿಟ್ಟೆ.

"ಆ ಆಸ್ಪತ್ರೆಗೆ ಹೋಗಿದ್ದೆ ಸಾವ್ಕಾರ್ರೇ, ಹೋದ ವರ್ಷ. ಹೇಗಿದೆ ನೋಡೋಣ ಅಂತ. ಚೊಕ್ಕವಾಗಿದೆ. ಗಾಳಿ ಬೆಳಕು ಎಲ್ಲ ಇದೆ. ಜೋರು ಮಾಡೋರನ್ನ ಮಂಚಕ್ಕೆ ಬೆಲ್ಟಿಂದ ಕಟ್ಟಿರ್ತಾರೆ. ಒಬ್ಬ ಮಂಚದ ಕಂಬಿ ತಟ್ತಾ ಇದ್ದ. ಅವನಿಗೆ ನಮ್ಮ ವಿದ್ಯೆ ಗೊತ್ತಿಲ್ಲ, ಸುಮ್ಮನೆ ತಟ್ತಾ ಇದ್ದ. ನನ್ನ ಕೈ ತಡೀಲಿಲ್ಲ, ಹೋಗಿ ಬಕಲ್ ಬಿಚ್ಚಿಬಿಟ್ಟೆ. ನನ್ನ ಹೊರಗೆ ಹಾಕಿದ್ರು." ಅವರು ಸ್ಪಂಜಿನಿಂದ ಕೈ ತೆಗೆದರು. "ನಮ್ಮೋನು ತಿಳಿವು ಬಂದ ತಕ್ಷಣ ತಟ್ತಾನೆ. ಅದಕ್ಕೆ ಬಿಡಬೇಕು. ಬೆಲ್ಟಿಗೆ ತಟ್ಟೋದು ತಿಳಿಯುತ್ತಾ?"

ಸಹಿ ಹಾಕುತ್ತೇನೆ ಎಂದೆ. ಅವರು ಎದ್ದು ರಸ್ತೆ ದಾಟಿ, ನೇರ ಕ್ಷೌರದ ಕುರ್ಚಿಯಲ್ಲಿ ಕೂತರು. ತಲೆಯಲ್ಲಿ ಕತ್ತರಿಸಲು ಹೆಚ್ಚೇನೂ ಇರಲಿಲ್ಲ. ಕ್ಷೌರಿಕ ಬಟ್ಟೆ ಹೊದಿಸಿದ.

"ನೀನೇ ಗೆದ್ದೆ ಕಣಯ್ಯಾ" ಎಂದರು ಮೇಷ್ಟ್ರು ಕನ್ನಡಿಗೆ. "ನಮ್ಮದು ಆಟವೇ. ಸೋಮವಾರ ಬಂದು ಅಷ್ಟನ್ನೇ ಹೇಳು."

ಅವನು ಈ ಮಾತಿಗಾಗಿ ಮೂವತ್ತು ವರ್ಷ ಕಾದಿದ್ದ. "ಥೂ, ಇಂಥ ಗೆಲುವು ಯಾರಿಗೆ ಬೇಕ್ರಿ ಮೇಷ್ಟ್ರೇ" ಎಂದು ಬಾಚಣಿಗೆಯನ್ನು ನೀರಿನ ಬಟ್ಟಲಿಗೆ ಎಸೆದ. ಆಮೇಲೆ, "ಬರ್ತೀನಿ" ಎಂದ.

ಗುರುವಾರ ಮಧ್ಯಾಹ್ನ ಮೇಲೆ ಎಂದಿಗಿಂತ ಭಾರವಾದ ಸದ್ದು ಬಂತು. ಮರುದಿನ ಮೇಷ್ಟ್ರು ಬಲಗೈಯನ್ನು ಅಂಗಿಯ ಗುಂಡಿಗಳ ನಡುವೆ ಸಿಕ್ಕಿಸಿಕೊಂಡು ಇಳಿದರು.

"ಭುಜ ಹೋಯ್ತಾ?" ಎಂದೆ.

"ಎಲ್ಲಿಗೆ ಹೋಗುತ್ತೆ, ಇಲ್ಲೇ ಇದೆ. ಮೇಡಂ ಮುಂದೆ ಬಾಯಿ ಬಿಡಬೇಡಿ."

ಎಡಗೈ ಮೊದಲೇ ಸೊಟ್ಟ. ಈಗ ಬಲಗೈ ಹೀಗೆ. ಆರಡಿಯ ಆಳನ್ನು ಹಿಡಿಯಲು ಅವರಿಗೆ ಉಳಿದದ್ದು ಎದೆ, ತೊಡೆ, ಹಟ.

ಸೋಮವಾರ ಮೇಡಂ ಹತ್ತು ಗಂಟೆಗೆ ಬಂದರು. ಹಾಲ್‌ನ ಗೋಡೆಗೊರಗಿ ನಾನು, ಕ್ಷೌರಿಕ, ಮೇಷ್ಟ್ರ ಹೆಂಡತಿ ನಿಂತಿದ್ದೆವು. ಮಗನನ್ನು ಸ್ನಾನ ಮಾಡಿಸಿ, ಹೊಸದಾಗಿ ಹೊಲಿದ ಅಂಗಿ ತೊಡಿಸಿದ್ದರು. ಮೇಡಂ ಕೇಳಿದ್ದಕ್ಕೆಲ್ಲ ಚೆನ್ನಾಗಿ ಉತ್ತರ ಕೊಟ್ಟ. ಇವತ್ತು ಯಾವ ವಾರ, ಇವರು ಯಾರು, ನಿನ್ನ ಕೆಲಸವೇನಿತ್ತು. "ಆ ಸ್ವಿಚ್ಚು ಸಡಿಲ ಇದೆ, ಮುಟ್ಟಬೇಡಿ" ಎಂದು ಮೇಡಂಗೇ ಎಚ್ಚರಿಕೆ ಹೇಳಿದ. ಮೇಡಂ ಮುಖದಲ್ಲಿ ನಗು ಕಂಡಿತು. ಫಾರಂ ತೆಗೆದರು. ನಾನು ಒಳಗೊಳಗೇ ಲೆಕ್ಕ ಹಾಕಿದೆ: ಇನ್ನೈದು ನಿಮಿಷ, ಇನ್ನೆರಡು ಸಹಿ.

ಆಗ ಅವನು ಎಡಗಿವಿ ಮುಟ್ಟಿಕೊಂಡ.

ಮೇಷ್ಟ್ರು ನೋಡಿದರು. ಅವರ ಹೆಂಡತಿ ಮೇಡಂನ ತೋಳು ಹಿಡಿದು ಗೋಡೆಯ ಕಡೆ ಎಳೆದುಕೊಂಡರು. "ಮರೀ, ಬಾ" ಎಂದು ಮೇಷ್ಟ್ರು ಮುಂದೆ ಹೋದರು. ಮಗ ಕೊರಳಪಟ್ಟಿ ಹಿಡಿದ. ಮೇಷ್ಟ್ರು ಒಳಗೆ ನುಸುಳಿ ಸೊಂಟ ತಿರುಗಿಸಿ ಅವನನ್ನು ಕೆಡವಿದ್ದು ಎಷ್ಟು ನಯವಾಗಿತ್ತೆಂದರೆ, ಮಗುವನ್ನು ಮಲಗಿಸಿದ ಹಾಗೆ. ಎದೆಯ ಮೇಲೆ ಅಡ್ಡಬಿದ್ದರು. ಒಂದು ನಿಮಿಷ ಎಲ್ಲ ಸರಿಹೋದಂತಿತ್ತು. ಆಮೇಲೆ ಬಲಭುಜ ಕೈಕೊಟ್ಟಿತು. ಒಂದು ಸಣ್ಣ ಸದ್ದು, ಹೊಲಿಗೆ ಬಿಟ್ಟ ಹಾಗೆ. ಮಗ ಉರುಳಿದ. ಅವನು ಮೇಲೆ, ಅಪ್ಪ ಕೆಳಗೆ. ಮುಂದೋಳು ಅಪ್ಪನ ಕತ್ತಿಗೆ ಅಡ್ಡ ಬಂತು. ನಾಲ್ಕು ಸಾಲು ಹೊಲಿಗೆಯ ಪಟ್ಟಿ ಹರಿಯಲಿಲ್ಲ.

ಮೇಷ್ಟ್ರ ಮುಖ ಕೆಂಪಾಯಿತು, ಆಮೇಲೆ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ನಾನು ಹೆಜ್ಜೆ ಎತ್ತಿದೆ. ಅವರು ಕಣ್ಣಿನಲ್ಲೇ ಬೇಡ ಎಂದರು. ನಾವು ಹೋಗಿ ಎಳೆದರೆ ಅದು ಹೊಡೆದಾಟ. ಅವರು ತಟ್ಟಿದರೆ ಸೋಲು. ಯಾವತ್ತೂ ತಟ್ಟದ ಕೈ ಮ್ಯಾಟಿನ ಮೇಲೆ ಬೆರಳು ಮಡಿಚಿಕೊಂಡು ಬಿದ್ದಿತ್ತು.

"ತಟ್ರೀ!" ಎಂದು ಅವರ ಹೆಂಡತಿ ಕಿರುಚಿದರು. "ನನ್ನಾಣೆ, ತಟ್ರೀ!"

ಆ ಸೊಟ್ಟ ಎಡಗೈ ಎದ್ದಿತು. ಮಗನ ಬೆನ್ನ ಮೇಲೆ ಬಿತ್ತು. ಒಂದು. ಏನೂ ಆಗಲಿಲ್ಲ. ಎರಡು. ಮೂರು. ಮೇಷ್ಟ್ರ ಕಣ್ಣು ಮೇಲೆ ಸಿಕ್ಕಿಕೊಂಡಿತು. ನಾಲ್ಕು.

ಮಗ ಬಿಟ್ಟ.

ಕಣ್ಣು ಇನ್ನೂ ಬೇರೆಯಾಗಿಯೇ ಇತ್ತು, ಉಸಿರು ಎತ್ತಿನಂತೆ ಬರುತ್ತಿತ್ತು, ಆದರೂ ಕೈಗಳೆರಡೂ ಬಿಚ್ಚಿಕೊಂಡು ಪಕ್ಕಕ್ಕೆ ಬಿದ್ದವು. ತಲೆಗೆ ಗೊತ್ತಿರಲಿಲ್ಲ, ಕೈಗೆ ಗೊತ್ತಾಗಿತ್ತು. ಸ್ವಲ್ಪ ಹೊತ್ತಿಗೆ, "ಅಪ್ಪಾ, ನೋವಾಯ್ತಾ?" ಎಂದ. ಮೇಷ್ಟ್ರು ಇಲ್ಲ ಎಂದು ತಲೆಯಾಡಿಸಿದರು.

ಮೇಡಂ ಬಿಳಿಚಿಕೊಂಡಿದ್ದರು. "ಏನದು? ಬೆನ್ನು ತಟ್ಟಿದ್ದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಕ್ಷೌರಿಕ ಮುಂದೆ ಬಂದ. "ಸೋತೆ ಅಂತ ಮೇಡಂ. ತಟ್ಟಿದ್ರೆ ಬಿಡಬೇಕು, ಇವರ ನಿಯಮ ಅದು. ಹೊಡೆದಾಟದಲ್ಲಿ ಯಾವನು ಬಿಡ್ತಾನೆ ಹೇಳಿ? ಸೋತೆ ಅಂದ್ರೆ ಇನ್ನೆರಡು ಬಿಗೀತಾನೆ. ಇವನು ಬಿಟ್ಟ. ಬುದ್ಧಿ ಇಲ್ಲದಾಗಲೂ ಬಿಟ್ಟ. ಇದು ಆಟ. ಮೂವತ್ತು ವರ್ಷದಿಂದ ಹೇಳ್ತಾ ಇದೀನಿ, ಬೇಕಾದ್ರೆ ಈ ಬೀದೀಲಿ ಯಾರನ್ನಾದ್ರೂ ಕೇಳಿ."

ಮೇಡಂ ಬಹಳ ಹೊತ್ತು ಆ ಅಪ್ಪ ಮಗನನ್ನು ನೋಡಿದರು. ಮಗ ಅಪ್ಪನ ಅಂಗಿಯ ಗುಂಡಿ ಹಾಕುತ್ತಿದ್ದ. ಕೊನೆಗೆ ಫಾರಂ ನನ್ನ ಕಡೆ ನೀಡಿದರು. ನಾನು ಸಹಿ ಹಾಕಿದೆ, ಕ್ಷೌರಿಕನೂ ಹಾಕಿದ. "ಮೂರು ತಿಂಗಳು" ಎಂದರು ಮೇಡಂ. "ಆಮೇಲೆ ಮತ್ತೆ ಬರ್ತೀನಿ." ಇಳಿಯುವಾಗ ನನ್ನ ಕೈಗೊಂದು ಚೀಟಿ ಕೊಟ್ಟರು. "ಏನಾದ್ರೂ ಹೆಚ್ಚುಕಡಿಮೆ ಆದ್ರೆ ಈ ನಂಬರಿಗೆ ಫೋನ್ ಮಾಡಿ. ಆ ಯಜಮಾನ್ರು ಮಾಡಲ್ಲ, ನನಗೆ ಗೊತ್ತು." ಚೀಟಿಯನ್ನು ಮೇಜಿನ ಗಾಜಿನಡಿ ಸೇರಿಸಿದೆ.

ಸಂಜೆ ಮೇಷ್ಟ್ರು ಬಂದರು. ದನಿ ಇನ್ನೂ ಒಡೆದಿತ್ತು.

"ಎಣಿಸಿದ್ರಾ?"

"ಎಣಿಸಿದೆ. ನಾಲ್ಕು."

"ಮೇಡಂಗೆ ಗೊತ್ತಾಗಲಿಲ್ಲ. ನಾನು ತಟ್ಟಿದೆ, ಅವನು ಬಿಟ್ಟ, ಅಷ್ಟೇ ಕಾಣ್ಸಿದ್ದು ಅವರಿಗೆ." ಅವರು ನನ್ನ ಮೇಜಿನಂಚು ಹಿಡಿದುಕೊಂಡರು. "ಹೋದ ವರ್ಷ ನನ್ನ ಕೈ ಸುಮ್ಮನೆ ತಾಗಿದ್ರೂ ಬಿಡ್ತಿದ್ದ. ಅಳಿಸ್ತಾ ಇದೆ ಸಾವ್ಕಾರ್ರೇ. ಹೆಸರು, ವಾರ, ವೈರಿಂಗು ಎಲ್ಲ ಉಳ್ಕೊಂಡಿದೆ. ಇದೊಂದು ಅಳಿಸ್ತಾ ಇದೆ."

ಸರಕಿನ ಬಗ್ಗೆಯಾದರೆ ಒಂದು ಸಮಾಧಾನ ಹೇಳಬಹುದಿತ್ತು. "ಚಹಾ ತರಿಸಲಾ?" ಎಂದೆ.

ಮರುದಿನದಿಂದ ಅವರು ಹೆಂಡತಿಗೆ ತಟ್ಟುವುದು ಕಲಿಸಿದರು. ಮೂವತ್ತು ವರ್ಷ ಅಂಗಿ ಹೊಲಿದವರು ಮೊದಲ ಸಲ ಮ್ಯಾಟಿನ ಮೇಲೆ ಮಲಗಿದರು. ಮಾತುಗಳು ಕಿಟಕಿಯಿಂದ ಕೆಳಗಿಳಿಯುತ್ತಿದ್ದವು.

"ಜೋರಾಗಿ ತಟ್ಟೇ. ಹಿಟ್ಟು ತಟ್ಟಿದ ಹಾಗಲ್ಲ."

"ಈ ವಯಸ್ಸಿಗೆ ನನ್ನ ಕೆಡವೋಕೆ ನಾಚಿಕೆ ಆಗಲ್ವಾ ನಿಮಗೆ?"

"ಕೈ ಸಿಕ್ಕಿಹಾಕ್ಕೊಂಡ್ರೆ ಕಾಲಿಂದ ತಟ್ಟು. ಕಾಲೂ ಸಿಕ್ಕಿದ್ರೆ ಬಾಯಲ್ಲಿ ಹೇಳು."

"ಬಾಯಿ ಒಂದು ಯಾವತ್ತೂ ಸಿಕ್ಕಿಹಾಕ್ಕೊಳ್ಳಲ್ಲ ಬಿಡಿ."

ಆಮೇಲೆ ಮಗನಿಗೂ ದಿನಾ ಪಾಠ, ಮೊದಲ ತಿಂಗಳಿನ ಪಾಠ. ಹಿಡಿ, ತಟ್ಟು, ಬಿಡು. ಹಿಡಿ, ತಟ್ಟು, ಬಿಡು. ದಿನಕ್ಕೆ ಇನ್ನೂರು ಸಲ. ನನ್ನನ್ನೂ ಕ್ಷೌರಿಕನನ್ನೂ ಒಬ್ಬೊಬ್ಬರಾಗಿ ಕರೆದು ಮಲಗಿಸಿ ತಟ್ಟಿಸಿದರು. "ಹೆಂಡತಿ ಬಿಟ್ರೆ ಇನ್ನ್ಯಾರೂ ತಬ್ಬೋ ಹಾಗಿಲ್ಲ ಅಂತಿದ್ದೆಯಲ್ಲ" ಎಂದು ನಾನು ಕೆಣಕಿದೆ. "ಅವಳಿಗೆ ಹೇಳಬೇಡಿ" ಎಂದ ಕ್ಷೌರಿಕ, ಮಗನ ತೋಳಿನೊಳಗಿಂದ. ತಿಳಿವಿದ್ದಾಗ ಆ ಹುಡುಗ ಮೊದಲ ತಟ್ಟಿಗೇ ಬಿಡುತ್ತಿದ್ದ, ನಗುತ್ತಿದ್ದ. ತಿಳಿವು ಇಲ್ಲದಾಗ ನಾನು ಕೆಳಗೆ ನಿಂತು ಮೇಷ್ಟ್ರ ತಟ್ಟುಗಳನ್ನು ಎಣಿಸುತ್ತಿದ್ದೆ. ನಾಲ್ಕು. ಮುಂದಿನ ವಾರ ಐದು. ಒಂದು ದಿನ ಮೂರಕ್ಕೆ ಇಳಿದಾಗ ಕ್ಷೌರಿಕ ರಸ್ತೆಯಾಚೆಯಿಂದ ಮೂರು ಬೆರಳು ಎತ್ತಿ ತೋರಿಸಿದ. ನಾವಿಬ್ಬರೂ ಮೂರ್ಖರಂತೆ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಅದರ ಮರುದಿನವೇ ಮತ್ತೆ ಐದು.

ಏಳನೆಯ ವಾರ, ಮಧ್ಯಾಹ್ನ, ನಾನು ಗಿರಾಕಿಗೆ ದಿಂಬಿನ ಸ್ಪಂಜು ಕತ್ತರಿಸುತ್ತಿದ್ದೆ. ಮೇಷ್ಟ್ರು ಭುಜಕ್ಕೆ ಎಣ್ಣೆ ಹಚ್ಚಿಸಿಕೊಳ್ಳಲು ಪಕ್ಕದ ಬೀದಿಗೆ ಹೋಗಿದ್ದರು. ಮೇಲೆ ಹೊಲಿಗೆ ಯಂತ್ರದ ಸದ್ದಿತ್ತು. ಅದು ನಿಂತಿತು. ಧೊಪ್. ಸುಣ್ಣ ಉದುರಿತು. ಅದು ಹಾಲ್ ಅಲ್ಲ, ಮನೆ. ಅಲ್ಲಿ ಮ್ಯಾಟಿಲ್ಲ.

ಒಂದು. ಎರಡು. ಜೋರಾಗಿಯೇ ತಟ್ಟುತ್ತಿದ್ದರು, ಕಲಿಸಿದ ಹಾಗೆ. ಮೂರು, ನಾಲ್ಕು. ಗಿರಾಕಿ ಏನೋ ಕೇಳಿದ. ಐದು. ನಾನು ಕತ್ತರಿ ಎಸೆದು ಮೆಟ್ಟಿಲಿಗೆ ಓಡಿದೆ. ಕ್ಷೌರಿಕ ಸೋಪಿನ ಬ್ರಷ್ಷು ಹಿಡಿದೇ ರಸ್ತೆ ದಾಟಿ ನನ್ನ ಹಿಂದೆ ಬಂದ. ಅವನ ಬಾಯಿ ಎಣಿಸುತ್ತಲೇ ಇತ್ತು: "ಎಂಟು... ಒಂಬತ್ತು..." ಕೊನೆಯವು ಕಾಲಿನ ತಟ್ಟುಗಳು. ನಾವು ಬಾಗಿಲು ತಲುಪಿದಾಗ ಹನ್ನೊಂದು.

ಹನ್ನೊಂದಕ್ಕೆ ಬಿಟ್ಟಿದ್ದ. ಆಕೆ ಹೊಲಿಗೆ ಯಂತ್ರದ ಕಾಲಿಗೆ ಒರಗಿ ಕೂತಿದ್ದರು. ತುಟಿ ನೀಲಿಯಾಗಿತ್ತು, ಉಸಿರು ಬರುತ್ತಿತ್ತು. ಮಗ ಪಕ್ಕದಲ್ಲಿ ಕೂತು, ಬಿದ್ದಿದ್ದ ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದ; ದಾರ ಮತ್ತೆ ಮತ್ತೆ ತಪ್ಪುತ್ತಿತ್ತು. "ಅಮ್ಮಾ, ಹಾಕಿಕೊಡ್ತೀನಿ ತಾಳು" ಎನ್ನುತ್ತಿದ್ದ. "ಮೂರೇ ಸಲ ತಟ್ಟಿದ್ದು ಅಂತ ಅವ್ರಿಗೆ ಹೇಳಿ" ಎಂದರು ಆಕೆ ನಮ್ಮಿಬ್ಬರಿಗೂ, ಕೀರಲು ದನಿಯಲ್ಲಿ. ಬಾಯಿ ನಿಜವಾಗಿಯೂ ಸಿಕ್ಕಿಹಾಕಿಕೊಂಡಿರಲಿಲ್ಲ.

ಮೇಷ್ಟ್ರು ಬಂದರು. ಅವರು ಹೆಂಡತಿಯ ಕತ್ತು ನೋಡಿದರು. ಬಗ್ಗಿ, ಆಕೆಯ ಹಿಮ್ಮಡಿ ನೋಡಿದರು. ನೆಲಕ್ಕೆ ಬಡಿದು ಬಡಿದು ಸಿಪ್ಪೆ ಎದ್ದಿತ್ತು. ಅದರಲ್ಲೇ ಅವರಿಗೆ ಎಣಿಕೆ ಸಿಕ್ಕಿತು. ಮಗನ ತಲೆ ಸವರಿ, ಸೂಜಿ ತೆಗೆದುಕೊಂಡು, ತಾವೇ ದಾರ ಪೋಣಿಸಿ ಅವನ ಕೈಗೆ ಕೊಟ್ಟರು.

ಅರ್ಧ ಗಂಟೆಯಾದ ಮೇಲೆ ನನ್ನ ಅಂಗಡಿಗೆ ಇಳಿದರು. ಸುರುಳಿಯ ಮೇಲೆ ಕೂರಲಿಲ್ಲ. ಮೇಜಿನ ಮುಂದೆ ನಿಂತರು. ಗಾಜಿನ ಕೆಳಗಿನ ಚೀಟಿ ಅವರಿಗೂ ಕಾಣುತ್ತಿತ್ತು, ನನಗೂ ಕಾಣುತ್ತಿತ್ತು. ಜಗಳವೋ ಆಟವೋ, ಯಾವುದಾದರೂ ಒಂದು ಹೇಳಲಿ ಎಂದು ಕಾದೆ. ಅವರು ಆ ಸೊಟ್ಟ ಎಡಗೈಯನ್ನು ಎತ್ತಿ, ಅಂಗೈಯಿಂದ ಗಾಜಿನ ಮೇಲೆ ತಟ್ಟಿದರು.

ನಾನು ಎರಡನೆಯದಕ್ಕೆ ಕಾಯಲಿಲ್ಲ. ಫೋನ್ ಎತ್ತಿಕೊಂಡೆ.